ಶನಿಯ ಕಡೆ ತಿರುಗಿಸಬಾರದ ದುರ್ಬೀನು

ಮನೆಯಲ್ಲಿ ದುರ್ಬೀನು ಇಟ್ಟುಕೊಂಡವನ ಬಾಗಿಲಿಗೆ ಏನಾದರೊಂದು ಪ್ರಸಂಗ ತಾನಾಗಿ ನಡೆದು ಬರುತ್ತದೆ. ನಾನು ಹೆಚ್ಚು ಮಾತಿನವನಲ್ಲ. ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಸರಕಾರಿ ಶಾಲೆಯಲ್ಲಿ ಲೆಕ್ಕ ಮತ್ತು ಭೂಗೋಳ ಕಲಿಸಿಕೊಂಡು ಇದ್ದವನು. ನಗಿಸುವುದು ನನ್ನ ಕೆಲಸವಾಗಿರಲಿಲ್ಲ. ಆದರೂ ಆ ಎರಡು ವರ್ಷ ನಮ್ಮ ಮಾಳಿಗೆಯ ಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಬಂದ ನಗು ಅರ್ಧಕ್ಕೆ ನಿಲ್ಲುತ್ತದೆ, ಅದು ಬೇರೆ ಮಾತು.

೧. ಹರಾಜಿನ ಮಾಲು

ಹಿಂದೆ ದಂಡು ಬೀಡುಬಿಟ್ಟಿದ್ದ ಛಾವಣಿಯಲ್ಲಿ ಹಳೆಯ ಸಾಮಾನುಗಳನ್ನು ಹರಾಜು ಹಾಕಿದರು. ಮುರಿದ ಕುರ್ಚಿ, ಲಾಟೀನು, ಕುದುರೆಯ ಜೀನುಗಳ ನಡುವೆ ಒಂದು ಹಿತ್ತಾಳೆಯ ದುರ್ಬೀನು ಬಿದ್ದಿತ್ತು. ಹರಾಜು ಕೂಗುವವನಿಗೆ ಅದೇನೆಂದು ತಿಳಿದಿರಲಿಲ್ಲ. "ದೊಡ್ಡ ಸಾಹೇಬರು ಸೇದಿದ ಹುಕ್ಕಾದ ಕೊಳವಿ!" ಎಂದು ಕೂಗಿದ. ಇಷ್ಟು ದಪ್ಪ ಹುಕ್ಕಾ ಸೇದುವ ಎದೆ ಊರಿನಲ್ಲಿ ಯಾರಿಗೂ ಇರಲಿಲ್ಲ. ನನಗೇ ಸಿಕ್ಕಿತು.

ನನ್ನ ಹೆಂಡತಿಗೆ ಉರ್ದು ಓದಲು ಬರುತ್ತಿರಲಿಲ್ಲ. ಆದರೆ ನನ್ನ ಉರ್ದು ಭೂಗೋಳದ ಪುಸ್ತಕದಲ್ಲಿ ಸುತ್ತ ಬಳೆ ತೊಟ್ಟ ಶನಿಯ ಚಿತ್ರವನ್ನು ನೋಡಿದ್ದಳು. "ನನಗ ಇದನ್ನ ತೋರಸ್ರಿ" ಎಂದಳು. ಆಗ ಶನಿ ಮೂಡುತ್ತಿದ್ದದ್ದು ಬೆಳಗಿನ ಜಾವಕ್ಕೆ, ಅದೂ ಮಳೆಗಾಲದ ಮೋಡದ ಹಿಂದೆ. ದೀಪಾವಳಿ ಕಳೆಯಲಿ, ಸಂಜೆಗೇ ಕಾಣುತ್ತಾನೆ ಎಂದೆ. ಅಲ್ಲಿಯವರೆಗೆ ಚಂದ್ರನನ್ನು ನೋಡಿದೆವು.

ಒಂದು ಶುಕ್ರವಾರ, ನಿಜಾಮರ ಶಾಲೆಗಳಿಗೆ ಅಂದೇ ವಾರದ ರಜೆ, ಅವಳು ದುರ್ಬೀನನ್ನು ಹಿಂದುಮುಂದಾಗಿ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದಳು.

"ಏನು ಕಾಣಾಕತ್ತೈತಿ?" ಎಂದೆ.

"ನೀವು. ಸಾಲಿ ತಪಾಸಣಿಗೆ ಸಾಹೇಬರು ಬಂದಾಗ ನೀವು ಇಷ್ಟ ಇರ್ತೀರಿ ನೋಡ್ರಿ" ಎಂದು ಬೆರಳ ತುದಿಯಲ್ಲಿ ನನ್ನ ಅಳತೆ ತೋರಿಸಿದಳು.

೨. ಕಾವಲು

ಆ ಮಳೆಗಾಲ ಮುಗಿಯುವ ಮೊದಲೇ ಜ್ವರ ಬಂದು ಅವಳು ಹೋದಳು. ದೀಪಾವಳಿ ಕಳೆಯಿತು. ಹೇಳಿದ ಹಾಗೆ ಶನಿ ಸಂಜೆಗೇ ಮೂಡಿದ.

ನನಗೆ ಎರಡು ರೊಟ್ಟಿ ಬೇಯಿಸಿ ಹಾಕಲೆಂದು ಮಸ್ಕಿಯಿಂದ ಅಕ್ಕ ಬಂದಳು. ನನ್ನ ಅಕ್ಕನೂ ಅವಳೇ, ಅತ್ತೆಯೂ ಅವಳೇ. ಅವಳ ಮಗಳನ್ನೇ ನನಗೆ ಕೊಟ್ಟಿದ್ದಳು. ಈ ಸಾವು ಶನಿಯ ಕಾಟ ಎಂದು ಮಸ್ಕಿಯ ಜೋಯಿಸರೊಬ್ಬರು ಅವಳಿಗೆ ಹೇಳಿದ್ದರು.

"ಆ ಕೊಳವಿ ತಂದು ಮಾಳಿಗಿ ಮ್ಯಾಲ ಇಟ್ಟಿ. ಅವ ಅದರಾಗಿಂದನ ಇಳದು ಬಂದ" ಎಂದಳು. "ಯಾರ ಕಡಿಗೆ ಬೇಕಾದ್ರ ತಿರುಗಿಸು, ಅವನ ಕಡಿ ತಿರುಗಿಸಬ್ಯಾಡ."

ನಾನು ವಾದ ಮಾಡಲಿಲ್ಲ. ಮಗಳನ್ನು ಕಳೆದುಕೊಂಡವಳೊಡನೆ ಏನು ವಾದ? ಆಗಲಿ ಎಂದು ಮಾತು ಕೊಟ್ಟೆ. ಆದರೆ ನನ್ನ ಹೆಂಡತಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಆ ಬಳೆಯನ್ನು ಒಮ್ಮೆ ನೋಡಬೇಕೆಂಬ ಆಸೆ ನನ್ನನ್ನು ಬಿಡಲಿಲ್ಲ.

ಅಕ್ಕನಿಗೆ ನನ್ನ ಮಾತಿನ ಮೇಲೆ ಪೂರ್ತಿ ನಂಬಿಕೆಯಿರಲಿಲ್ಲ. ದಿನಾ ದೀಪ ಹಚ್ಚಿದ ಮೇಲೆ ಮಾಳಿಗೆ ಹತ್ತಿ ಕಾವಲು ಕೂರುತ್ತಿದ್ದಳು. ಕಾಯಬೇಕೆಂದರೆ ಅವನು ಎಲ್ಲಿದ್ದಾನೆಂದು ತಿಳಿಯಬೇಕಲ್ಲ? ನನ್ನಿಂದಲೇ ಕೇಳಿ ಕಲಿತಳು. ತಿಂಗಳೊಪ್ಪತ್ತಿನಲ್ಲಿ ರೋಹಿಣಿ, ಕೃತ್ತಿಕೆ, ಗುರು ಎಲ್ಲರ ಗುರುತು ಹಿಡಿದಳು. ನನ್ನ ಕೈ ಸ್ವಲ್ಪ ಅತ್ತ ಸರಿದರೂ ಸಾಕು: "ಏ ತಮ್ಮಾ, ಆ ಕಡಿ ಬ್ಯಾಡ! ಇನ್ನೊಂದು ಗೇಣು ದಾಟಿದ್ರ ಅವನ ಮನಿ ಬರ್ತೈತಿ!"

ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನಿಗೂ ಇಷ್ಟು ಆಕಾಶ ಗೊತ್ತಿರಲಿಲ್ಲ.

೩. ಹೈದರಾಬಾದಿನವನು

ನಮ್ಮಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಉರ್ದು ಪುಸ್ತಕದಲ್ಲಿ ಶನಿಯ ಹೆಸರು ಜುಹಲ್. ಆ ವರ್ಷ ಆ ಪಾಠವನ್ನು ನಾನು ಬೇಕಾದುದಕ್ಕಿಂತ ನಿಧಾನವಾಗಿ ಮಾಡಿದೆ. ಜುಹಲ್‌ಗೆ ಬಳೆಗಳಿವೆ, ಹಲವು ಚಂದ್ರರಿದ್ದಾರೆ ಎಂದು ಹುಡುಗರು ಸರಾಗವಾಗಿ ಒಪ್ಪಿಸುತ್ತಿದ್ದರು.

ತಪಾಸಣೆಯ ಸಾಹೇಬರು ಹೈದರಾಬಾದಿನಿಂದ ಬಂದರು. ಹುಡುಗರ ಉತ್ತರ ಕೇಳಿ ಖುಷಿಯಾಗಿ, ಜುಹಲ್‌ನನ್ನು ಯಾರಾದರೂ ಕಣ್ಣಾರೆ ಕಂಡಿದ್ದೀರಾ ಎಂದು ಕೇಳಿದರು. ಒಬ್ಬ ಹುಡುಗ ಎದ್ದುನಿಂತ. ಇಷ್ಟು ದೊಡ್ಡ ವಿಷಯ ಹೇಳಲು ಅವನ ಉರ್ದು ಸಾಲದೆ ಕನ್ನಡಕ್ಕೆ ಇಳಿದ.

"ಇಲ್ರೀ ಸಾಹೇಬ್ರ. ಜುಹಲ್ ಹೈದರಾಬಾದಿನ್ಯಾಗ ಇರ್ತಾನ್ರಿ. ನಮ್ಮೂರಾಗ ಇರಾವ ಶನಿ."

ಏನೆಂದ ಎಂದು ಸಾಹೇಬರು ನನ್ನ ಮುಖ ನೋಡಿದರು. ಹೆಂಡತಿ ತೋರಿಸಿದ ಅಳತೆಗೆ ನಾನು ಆಗಲೇ ಕುಗ್ಗಿದ್ದೆ.

೪. ಒಂದೇ ಕಣ್ಣು

ದುರ್ಬೀನಿನ ಸುದ್ದಿ ಸಿಂಧನೂರಿನವರೆಗೆ ಹೋಗಿತ್ತು. ಅಲ್ಲಿಯ ಅರಳೆ ವ್ಯಾಪಾರಿಯೊಬ್ಬರು ತಮ್ಮನ್ನು ಕಾಡುತ್ತಿರುವ ಶನಿಯನ್ನು ನೋಡಿಯೇ ಬಿಡುತ್ತೇನೆಂದು ಬಂದರು. ನಾನು ಬಾಯಿ ತೆರೆಯುವ ಮೊದಲೇ ತಲೆಯ ಮೇಲೆ ಟವೆಲು ಎಳೆದುಕೊಂಡು, ಒಂದು ಕಣ್ಣನ್ನು ಅಂಗೈಯಿಂದ ಭದ್ರವಾಗಿ ಮುಚ್ಚಿ, ಇನ್ನೊಂದನ್ನು ದುರ್ಬೀನಿಗೆ ಹಚ್ಚಿದರು.

"ಯಾಕ್ರಿ ಸಾವಕಾರ್ರ, ಅಷ್ಟ್ಯಾಕ ಬಿಗಿಯಾಗಿ ಮುಚ್ಚೀರಿ?"

"ಮಾಸ್ತರ, ಅವ ಹಿಡದ್ರ ಏಳೂವರಿ ವರ್ಷ. ಒಂದ ಕಣ್ಣಿಲೆ ನೋಡಿದ್ರ ಅರ್ಧಕ್ಕ ಮುಗೀತೈತಿ."

"ನೀವು ನೋಡಾಕತ್ತಿದ್ದು ಗುರು ರೀ. ಈ ಮನ್ಯಾಗ ಶನಿ ಕಡಿ ತಿರುಗಸಂಗಿಲ್ಲ."

ವ್ಯಾಪಾರಿ ಟವೆಲು ಕಿತ್ತು ಹೆಗಲಿಗೆ ಹಾಕಿಕೊಂಡರು. "ಗುರುವಾ? ಮೊದಲ ಹೇಳಬಾರ್ದಾ? ತಡೀರಿ, ಆ ಕಣ್ಣಿಲೇನೂ ನೋಡ್ತೀನಿ. ಬರೂದು ಪೂರಾ ಬರ್ಲಿ!"

೫. ಅಪ್ಪನ ಮನೆ

ಬೇಸಿಗೆ ಬಂತು. ಶನಿ ದಿನದಿನಕ್ಕೆ ಪಡುವಣದಲ್ಲಿ ತಗ್ಗಿ, ಒಂದು ಸಂಜೆ ಕಾಣಿಸಲೇ ಇಲ್ಲ. ಅಕ್ಕ ಮಾಳಿಗೆಯ ನಾಲ್ಕೂ ಮೂಲೆಗೆ ಹೋಗಿ ನೋಡಿ ಬಂದಳು.

"ತಮ್ಮಾ, ಎಲ್ಲಿ ಹೋಗ್ಯಾನ ಅವ?" ದನಿಯಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು.

"ಸೂರ್ಯನ ಆಚಿ ಕಡಿ ಹೋಗ್ಯಾನಕ್ಕ. ಅದಕ್ಕ ಕಾಣವಲ್ಲ."

"ಅಪ್ಪನ ಮನಿಗಿ ಹೋಗ್ಯಾನನ್ನು."

ಶನಿ ಸೂರ್ಯನ ಮಗ ಎಂಬುದು ನನಗೆ ಮರೆತೇ ಹೋಗಿತ್ತು. ಇನ್ನು ಕೆಲವು ದಿನ ನೆಮ್ಮದಿಯಾಗಿ ಕೆಳಗೇ ಇರು ಎಂದೆ. ಅಕ್ಕ ಒಪ್ಪಲಿಲ್ಲ. "ಅಪ್ಪ ಮಗಗ ಆಗಿ ಬರಂಗಿಲ್ಲೋ. ಬಾಳ ದಿನ ಅಲ್ಲಿ ಇರಂಗಿಲ್ಲ ಅವ. ಜಗಳಾಡಿ ತಿರುಗಿ ಬರ್ತಾನ."

ಲೆಕ್ಕ ಹಾಕಿ ನೋಡಿದೆ. ಅವಳು ಹೇಳಿದ್ದೇ ಸರಿ. ಮುಂದಿನ ತಿಂಗಳು ಬೆಳಗಿನ ಆಕಾಶಕ್ಕೆ ಬಂದೇ ಬಿಟ್ಟ.

೬. ಎದುರಾಎದುರು

ಮತ್ತೆ ಮಳೆಗಾಲ ಹೋಯಿತು, ಹೆಂಡತಿಯ ವರ್ಷದ ಕಾರ್ಯವೂ ಮುಗಿಯಿತು. ಚಳಿ ಬಿದ್ದ ಮೇಲೆ ಒಂದು ದಿನ, ದೀಪ ಹಚ್ಚುವ ಹೊತ್ತಿಗೆ, ಅಕ್ಕ ಸೆರಗು ಸಿಕ್ಕಿಸಿಕೊಂಡು ಮಾಳಿಗೆಗೆ ಬಂದಳು.

"ತಿರುಗಿಸು ಅವನ ಕಡಿ."

"ಯಾರ ಕಡಿ ಅಕ್ಕಾ?"

"ಅವನ ಕಡಿನ. ವರ್ಷಾತು, ಬೆನ್ನ ಹಿಂದ ಬೈಯಾಕತ್ತೀನಿ. ಒಮ್ಮೆರ ಎದುರಾಎದುರು ಬೈಬೇಕು."

ದುರ್ಬೀನನ್ನು ತಿರುಗಿಸಿದೆ. ಹೊಂದಿಸುವಾಗ ಒಂದು ಕ್ಷಣ ಕಂಡದ್ದಷ್ಟೇ: ಜೋಳದ ಕಾಳಿನಂಥ ಬೆಳಕು, ಸುತ್ತ ಬಳೆ, ಪಕ್ಕದಲ್ಲಿ ಒಂದು ಚುಕ್ಕೆ. ಸರಿದು ನಿಂತೆ. ಅಕ್ಕ ಕಣ್ಣು ಹಚ್ಚಿದಳು.

"ಏನಲೇ, ಬ್ಯಾರೆ ಮನಿ ಸಿಗಲಿಲ್ಲೇನು ನಿನಗ? ಮಸ್ಕ್ಯಾಗ ನಾ ಬಾಗಿಲಾ ತೆರಕೊಂಡ ಕುಂತಿದ್ನಿ. ನನ್ನ ಬಿಟ್ಟು ಆಕಿ ಕಡಿ ಯಾಕ..." ಎಂದವಳು ಗಕ್ಕನೆ ನಿಂತಳು. "ತಮ್ಮಾ! ಓಡಿ ಹೋದ! ಬೈಯೂದು ಮುಗದಿಲ್ಲ, ಮಾರಿ ತಪ್ಪಿಸಿಕೊಂಡ!"

"ಅವ ಓಡಿಲ್ಲಕ್ಕ. ಭೂಮಿ ತಿರುಗ್ತೈತಲ್ಲ, ನಾವ ಸರದೀವಿ."

"ನಾ ಎಲ್ಲಿ ಸರದೀನಿ? ಇಲ್ಲೇ ಕುಂತೀನಿ. ಎಳಕೊಂಡು ಬಾ ಅವನ್ನ!"

ಎಳೆದು ತಂದೆ. ಬೈದಳು. ಮತ್ತೆ ಜಾರಿದ, ಮತ್ತೆ ತಂದೆ. ಬೈಗುಳ ತಗ್ಗುತ್ತ ತಗ್ಗುತ್ತ ನಿಂತೇ ಹೋಯಿತು.

"ಮಗ್ಗಲಿಗೆ ಚುಕ್ಕಿ ಯಾವುದೋ?"

"ಅವನ ಚಂದ್ರ. ಇನ್ನೂ ಬಾಳ ಅದಾವ, ನಮ್ಮ ದುರ್ಬೀನಿಗೆ ಅದೊಂದ ಕಾಣ್ತೈತಿ."

"ಮಕ್ಕಳು ಮರಿ ಇದ್ದವ" ಎಂದಳು ಅಕ್ಕ. "ಆಕಿನ್ನ ಒಯ್ದವ ಇವ ಅಲ್ಲ ಬಿಡು. ಆ ಜೋಯಿಸ ಯಾರನ್ನೋ ನೋಡಿ ಯಾರ ಹೆಸರೋ ಹೇಳ್ಯಾನ." ಆಮೇಲೆ ಕೇಳಿದಳು: "ಆಕಿ ನೋಡಿದ್ಳೇನು ಇದನ್ನ?"

"ಇಲ್ಲಕ್ಕ. ನೋಡಬೇಕಂತ ಬಾಳ ಆಸೆ ಇತ್ತು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಬಾಗಿದಳು. ನಾನು ಚಳಿಯಲ್ಲಿ ನಿಂತು, ಶನಿ ಜಾರಿದಾಗಲೆಲ್ಲ ಎಳೆದು ತರುತ್ತಿದ್ದೆ. ಕಡೆಗೆ ತಡೆಯಲಾರದೆ ಕೇಳಿದೆ: "ಅಕ್ಕಾ, ನಾನೂ ಒಮ್ಮಿ?"

ಅವಳು ಕಣ್ಣು ತೆಗೆಯಲಿಲ್ಲ.

"ನಿನ್ನ ಪಾಳಿ ನಾಳಿಗಿ. ಇವತ್ತ ನಾವು ತಾಯಿ ಮಗಳು ನೋಡಾಕತ್ತೀವಿ."