ಮಾಮಾ ಹಾಕಿದ ಸುಣ್ಣದ ಗೋಡೆ

ನಮ್ಮ ಊರಿಗೆ ಬಂದರೆ ನಡೆಯುವಾಗ ಸ್ವಲ್ಪ ಜೋಕೆ. ನೀವು ಬಯಲೆಂದುಕೊಂಡು ಕಾಲಿಟ್ಟ ಜಾಗ ಬಸ್ ನಿಲ್ದಾಣದ ಗೋಡೆಯಾಗಿರಬಹುದು. ಎಮ್ಮೆಯೊಂದು ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿದ್ದರೆ, ಅದು ಮಲಗಿರುವುದು ಹೊಲಿಗೆ ಕೇಂದ್ರದ ನಟ್ಟನಡುವೆ ಇರಬಹುದು. ಈ ಕಟ್ಟಡಗಳನ್ನೆಲ್ಲ ಎಬ್ಬಿಸಿದವರು ನನ್ನ ಸೋದರಮಾವ, ನಮ್ಮ ಗ್ರಾಮ ಪಂಚಾಯತಿಯ ಮೆಂಬರು. ತಗುಲಿದ ಸಾಮಾನು: ಒಂದು ಬುಟ್ಟಿ ಸುಣ್ಣದ ಪುಡಿ.

ನಮ್ಮ ಕಡೆ ಮನೆ ಕಟ್ಟುವ ಮುಂಚೆ ಪಾಯ ಅಗೆಯಲು ನೆಲದ ಮೇಲೆ ಸುಣ್ಣದ ಗೆರೆ ಹಾಕುತ್ತಾರೆ. ಗೆರೆಯ ಹಿಂದೆಯೇ ಗುದ್ದಲಿ ಬರುತ್ತದೆ. ಮಾಮಾ ಈ ಪದ್ಧತಿಯಲ್ಲಿ ಮೊದಲರ್ಧವನ್ನಷ್ಟೇ ಇಟ್ಟುಕೊಂಡಿದ್ದರು. ಮಂಜೂರಾತಿಗೆ ಕಾಯುವುದು ಅವರ ಜಾಯಮಾನವಲ್ಲ. ಊರಿಗೆ ಏನು ಬೇಕು ಅನ್ನಿಸುತ್ತದೋ ಅದರ ಗೆರೆ ಎಳೆದು, ಬಾಗಿಲಿಗೆ ಜಾಗ ಬಿಟ್ಟು, ಆ ಗಳಿಗೆಯಿಂದಲೇ ಅದು ಕಟ್ಟಿ ಮುಗಿದಂತೆ ನಡೆದುಕೊಳ್ಳುವರು.

"ಮೊದ್ಲ ಮಂದಿಗಿ ಒಳಗ ಇರೂದು ರೂಢಿ ಆಗ್ಲಿ. ಗ್ವಾಡಿ ಏನದ, ಹಿಂದಿಂದ ಬರ್ತಾವ," ಎನ್ನುವರು.

ಗೋಡೆಗಳು ಹಿಂದಿನಿಂದ ಬರುವ ಊರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಮಳೆಗಾಲದಲ್ಲಿ ನಮ್ಮ ಬಸ್ ನಿಲ್ದಾಣ ಮೆಲ್ಲಗೆ ಕರಗಿ ಕಾಗಿಣಾ ನದಿ ಸೇರುತ್ತಿತ್ತು. ಮಳೆ ನಿಂತ ಬೆಳಿಗ್ಗೆ ಮಂಜಿನಲ್ಲಿ ಎದ್ದು ನೋಡಿದರೆ ಮತ್ತೆ ಅಲ್ಲೇ, ಬೆಳ್ಳಗೆ, ಹೊಚ್ಚ ಹೊಸದಾಗಿ ನಿಂತಿರುತ್ತಿತ್ತು. ನಿಂತಿರುತ್ತಿತ್ತು ಅಂದೆನಲ್ಲ, ಮಲಗಿರುತ್ತಿತ್ತು ಅನ್ನಬೇಕು.

ನಮ್ಮದು ಮಳಖೇಡದಿಂದ ದೂರವಿಲ್ಲದ, ನದಿ ದಂಡೆಯ ಮನೆತನ. ಅಜ್ಜ ದೋಣಿ ನಡೆಸಿದ. ಮಾಮಾ ಶಹಾಬಾದಿನ ಫರಸಿ ಗಣಿಯಲ್ಲಿ ಕಲ್ಲು ಸೀಳಿದರು. ಶಾಲೆ ಯಾರಿಗೂ ಒದಗಲಿಲ್ಲ. ಮೆಂಬರಾದ ಮೇಲೆ ಮಾಮಾ ಸಹಿ ಹಾಕುವುದನ್ನು ಕಲಿತರು, ನನ್ನಿಂದ. ಆ ಮನೆತನದ ಮೊದಲ ಡಿಗ್ರಿ ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ, ಪುಕ್ಕಟೆ ಬಂದದ್ದಲ್ಲ.

ಒಮ್ಮೆ ಮೊಬೈಲಿನಲ್ಲಿ ವೆಸ್ಟ್ ಇಂಡೀಸಿನ ಯಾವುದೋ ದ್ವೀಪದ ಕ್ರಿಕೆಟ್ ನೋಡುತ್ತಿದ್ದೆ. ಮೈದಾನದ ಹಿಂದೆ ನೀಲಿ ಸಮುದ್ರ, ದಂಡೆಯುದ್ದಕ್ಕೂ ನೆರಳು, ಬಣ್ಣದ ಬೆಂಚುಗಳು. ಮಾಮಾ ಬಗ್ಗಿ ನೋಡಿದರು.

"ಅಲ್ಲಿ ಮೆಂಬರ್ ಯಾರವ್ವ?"

"ಬ್ಯಾಟ್ ಹಿಡದಾವ್ರನ್ನ ಕೇಳ್ಲಿಕತ್ತೀರೇನು ಮಾಮಾ?"

"ಆಟ ಹಾಳಾಗ್ಲಿ, ದಂಡಿ ನೋಡು. ಎಷ್ಟ್ ಛಂದ ಇಟ್ಟಾರ! ಯಾವನೋ ಮೆಂಬರ್ ಮನಸಿಟ್ಟು ಮಾಡ್ಯಾನ."

ಮರುದಿನ ಕಾಗಿಣಾ ದಂಡೆಯ ಮೇಲೆ ಸಾಲಾಗಿ ಸುಣ್ಣದ ಬೆಂಚುಗಳು. ಬಟ್ಟೆ ಒಗೆಯಲು ಹೋದ ಅವ್ವ ಅವನ್ನು ನೋಡಿ, ನಗು ತಡೆದುಕೊಂಡು ಕೇಳಿದಳು, "ಅಣ್ಣಾ, ನಿನ್ನ ಬೆಂಚಿನ ಮ್ಯಾಲ ಸೀರಿ ಒಣಗ ಹಾಕ್ಲೇನು?"

"ಹಾಕು. ಕೂಡಾವ್ರಿಗಿ ಒಂದೀಟು ಜಾಗಾ ಬಿಡು."

ಅವ್ವ ಜಾಗ ಬಿಟ್ಟೇ ಸೀರೆ ಹಾಸಿದಳು. ಸಂಜೆಯ ಹೊತ್ತು ಒಬ್ಬಿಬ್ಬರು ಮುದುಕರು ನಿಜಕ್ಕೂ ಆ ಗೆರೆಯೊಳಗೆ ಕುಳಿತು ನೀರು ನೋಡತೊಡಗಿದರು. ಆಚೆ ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಹೊಗೆ ಮೋಡದಂತೆ ತೇಲುತ್ತಿತ್ತು. ಒಂದು ಕ್ಷಣ ನನಗೂ ಅದು ಸಮುದ್ರವೇ ಅನ್ನಿಸಿತು.

ನಾನು ಸೇಡಂ ಕಾಲೇಜಿಗೆ ಹೋಗುತ್ತಿದ್ದ ಕಾಲ. ಮನೆಯೆಂದರೆ ಒಂದೇ ಖೋಲಿ. ಅದರಲ್ಲೇ ಒಲೆ, ಟೀವಿ, ಅಜ್ಜಿಯ ಕೆಮ್ಮು, ನನ್ನ ಅರ್ಥಶಾಸ್ತ್ರ. ಪರೀಕ್ಷೆ ಹತ್ತಿರ ಬಂದಾಗ, ಇನ್ನು ನನ್ನಿಂದ ಆಗದು, ಬಿಟ್ಟುಬಿಡುತ್ತೇನೆ ಎಂದು ಅಳತೊಡಗಿದೆ. ಮಾಮಾ ಬುಟ್ಟಿ ಎತ್ತಿಕೊಂಡು ಹೋದರು. ಪಂಚಾಯತಿ ಕಚೇರಿಯ ಪಕ್ಕ, ಬೇವಿನ ಮರದ ಕೆಳಗೆ ಗೆರೆ ಬಿತ್ತು. ಊರಿನ ಗ್ರಂಥಾಲಯ! ಕೂಡಲು ಒಂದು ಫರಸಿ ಕಲ್ಲು. ಚಪ್ಪಲಿ ಬಾಗಿಲ ಹೊರಗೆ ಬಿಡಬೇಕು, ಒಳಗೆ ಪಿಸುಮಾತಿಗಿಂತ ಮೇಲೆ ದನಿ ಏಳಬಾರದು. ಮಾಮಾ ಗೆರೆಯಾಚೆ ಬೇವಿನ ಬೇರಿನ ಮೇಲೆ ಕುಳಿತರು.

ಮೊದಮೊದಲು ಜನ ನಕ್ಕರು. ಆಮೇಲೆ ನಗುವವರೂ ಪಿಸುಗುಟ್ಟಿ ನಗತೊಡಗಿದರು. ನಳದ ನೀರಿಗಾಗಿ ಕೊಡ ಹಿಡಿದು ಜಗಳಾಡುತ್ತ ಬಂದ ಇಬ್ಬರು ಹೆಂಗಸರು ಗ್ರಂಥಾಲಯದ ಮೂಲೆಗೆ ಬಂದೊಡನೆ ಗಪ್ಪಾದರು. ಗೋಡೆ ಬಳಸಿ ಮೆಲ್ಲಗೆ ನಡೆದು, ಆ ತುದಿ ದಾಟಿದ ಮೇಲೆ, ಬಿಟ್ಟ ಬೈಗುಳದಿಂದಲೇ ಮತ್ತೆ ಶುರು ಮಾಡಿದರು. ಆ ಮೌನದಲ್ಲಿ ನಾನು ಡಿಗ್ರಿ ಓದಿದೆ. ಬೇವಿನ ಹೂಗಳು ಪುಸ್ತಕದ ಮೇಲೆ ಉದುರುತ್ತಿದ್ದವು. ಛಾವಣಿ ಇಲ್ಲದ ಗ್ರಂಥಾಲಯಕ್ಕೆ ಆಕಾಶ ಬಹಳ ಹತ್ತಿರ.

ನನ್ನ ಹಿಂದೆ ಇನ್ನೂ ಕೆಲವು ಹುಡುಗಿಯರು ಬಂದು ಕೂಡತೊಡಗಿದಾಗ ಸಂಕಟ ಬಂತು. ಪಂಚಾಯತಿ ಅಧ್ಯಕ್ಷೆಗೆ ಅದೇ ಜಾಗದಲ್ಲಿ ಬಾಡಿಗೆ ಮಳಿಗೆಗಳು ಬೇಕಿದ್ದವು. ಪಂಚಾಯತಿಗೆ ಆದಾಯ ಬೇಡವೇ? ಅವರ ಮಾತೂ ಸುಳ್ಳಲ್ಲ. ಗ್ರಾಮಸಭೆಯ ದಿನ ಜಾಗ ನೋಡಲು ತಾಲ್ಲೂಕಿನ ಸಾಹೇಬರು ಬಂದರು. ಅಂದು ಮಾಮಾನ ಮುಖ ಸುಣ್ಣಕ್ಕಿಂತ ಬೆಳ್ಳಗಿತ್ತು. ಗೆರೆ ಅಳಿಸಿದರೆ ಆ ಹುಡುಗಿಯರು ಪುಸ್ತಕ ಮಡಚಿ ಮನೆಗೆ ಹೋಗುತ್ತಾರೆ, ತಿರುಗಿ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಸಾಹೇಬರು ಜಾಗ ಅಳೆಯುವ ಟೇಪು ಹಿಡಿದು ಸೀದಾ ಗೆರೆ ದಾಟಲು ಕಾಲೆತ್ತಿದರು.

"ಸಾಹೇಬ್ರ, ಗ್ವಾಡಿ ಅದ್ರಿ!" ಎಂದಳು ನಳದ ಹೆಂಗಸರಲ್ಲಿ ಒಬ್ಬಳು.

ಎತ್ತಿದ ಕಾಲು ಅಲ್ಲೇ ನಿಂತಿತು. ಅವರು ಕೆಳಗೆ ನೋಡಿದರು, ಜನರ ಮುಖ ನೋಡಿದರು. ಒಬ್ಬರೂ ನಗುತ್ತಿರಲಿಲ್ಲ.

"ಬಾಕಲ ಈ ಕಡಿ ಅದರಿ, ಬರ್ರಿ," ಎಂದರು ಮಾಮಾ.

ಸಾಹೇಬರು ಸುತ್ತಿ ಬಂದು, ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಹೋದರು. ಹಿಂದೆಯೇ ಅಧ್ಯಕ್ಷೆ, ಆಮೇಲೆ ಅರ್ಧ ಊರು. ಒಳಗೆ ಹೋದವರೆಲ್ಲ ತಾವಾಗಿಯೇ ದನಿ ಇಳಿಸಿದರು. ಅಧ್ಯಕ್ಷೆ ಮಳಿಗೆಯ ಮಾತೆತ್ತಿದ್ದೂ ಪಿಸುಮಾತಿನಲ್ಲೇ. ಪಿಸುಮಾತಿನಲ್ಲಿ ಮಳಿಗೆ ಕೇಳುವುದು ಎಷ್ಟು ಕಷ್ಟ! ಅರ್ಧಕ್ಕೆ ನಿಂತು ಅವರೇ ಅಂದರು, "ಇರ್ಲಿ ಬಿಡ್ರಿ ಸಾಹೇಬ್ರ. ಮಳಿಗಿ ಬಸ್‌ಸ್ಟ್ಯಾಂಡಿನ ಕಡಿ ಮಾಡೋಣು."

"ಬಸ್‌ಸ್ಟ್ಯಾಂಡ್ ಎಲ್ಲದ?" ಎಂದರು ಸಾಹೇಬರು ಸುತ್ತ ನೋಡುತ್ತ.

"ತೋರಿಸ್ತೀನಿ ಬರ್ರಿ," ಎಂದು ಮಾಮಾ ಉತ್ಸಾಹದಿಂದ ಹೊರಟರು.

ಗೋಡೆ ಹಿಂದಿನಿಂದ ಬಂತು. ಮಂಜೂರಾಗಿ, ವಾಪಸಾಗಿ, ಮತ್ತೆ ಮಂಜೂರಾಗಿ, ಅಷ್ಟರಲ್ಲಿ ನಾನು ಚಿತ್ತಾಪುರದಲ್ಲಿ ನೌಕರಿಗೆ ಸೇರಿಯಾಗಿತ್ತು. ಮೊನ್ನೆ ಊರಿಗೆ ಹೋದಾಗ ನೋಡಿದೆ: ಫರಸಿ ಹಾಸಿದ ನೆಲ, ಕಪಾಟು ತುಂಬ ಪುಸ್ತಕ, ತಲೆ ಬಗ್ಗಿಸಿ ಓದುವ ಹುಡುಗಿಯರು. ಮಾಮಾ ಹೊರಗೆ ಬೇವಿನ ನೆರಳಲ್ಲಿ, ಕುರ್ಚಿಯ ಮೇಲೆ.

"ಒಳಗ ಬರ್ರಿ ಮಾಮಾ, ಫ್ಯಾನ್ ಅದ."

"ನಾ ಬಂದು ಏನ್ ಮಾಡ್ಲೆವ್ವ. ಅದು ಓದಾವ್ರ ಖೋಲಿ."

ಆಗ ಹೊಳೆಯಿತು. ಸಾಹೇಬರು ಒಳಗೆ ಬಂದ ದಿನವೂ ಮಾಮಾ ಗೆರೆಯಾಚೆಯೇ ನಿಂತಿದ್ದರು. ನಾನು ಓದಿದಷ್ಟು ಕಾಲವೂ ಅವರು ಕಾವಲು ಕೂತಿದ್ದಾರೆ ಅಂದುಕೊಂಡಿದ್ದೆ. ತಾವೇ ಎಳೆದ ಗೆರೆಯೊಳಗೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಮನೆಯ ಹಿತ್ತಿಲಲ್ಲಿ ಅವರ ಬುಟ್ಟಿ ಇತ್ತು. ಸುಣ್ಣ ತಂದು ಗ್ರಂಥಾಲಯದ ಗೋಡೆಯಿಂದ ಗೆರೆ ಹಿಡಿದು, ಬೇವಿನ ಮರ ಸುತ್ತಿ, ಮಾಮಾನ ಕುರ್ಚಿ ಸುತ್ತಿ, ಮತ್ತೆ ಗೋಡೆಗೇ ತಂದು ಮುಟ್ಟಿಸಿದೆ. ಮಾಮಾ ನನ್ನ ಕೈಯನ್ನೇ ನೋಡುತ್ತಿದ್ದರು.

"ಬಾಕಲ ಬಿಡ್ಲಿಲ್ಲಲ್ಲ?"

"ಯಾಕ ಬೇಕು ಮಾಮಾ? ನೀವು ಒಳಗೇ ಇದ್ದೀರಿ."

ಅವರು ಕುಳಿತಲ್ಲಿಂದಲೇ ಬಗ್ಗಿ, ಎರಡೂ ಚಪ್ಪಲಿ ಬಿಚ್ಚಿ, ಗೆರೆಯ ಆಚೆಗೆ ಇಟ್ಟರು.