ಹನ್ನೆರಡು ಮುಖಕ್ಕೆ ನಲವತ್ತಮೂರು ಅರ್ಜಿ

ವಾರ್ಡ್ ಚುನಾವಣೆಯ ಟಿಕೆಟ್ ಬಯಸುವ ಪ್ರತಿಯೊಬ್ಬರೂ ತಮ್ಮ ಯೌವನದ ಬಗ್ಗೆ ನಿರಾಕ್ಷೇಪಣಾ ಪತ್ರವನ್ನು ಲಗತ್ತಿಸತಕ್ಕದ್ದು ಎಂದು ಪಕ್ಷದ ಚಾಮರಾಜಪೇಟೆ ಕಚೇರಿಯು ಶ್ರಾವಣದ ಒಂದು ಸೋಮವಾರ ಸುತ್ತೋಲೆ ಹೊರಡಿಸಿತು. ಯೌವನವೆಂದರೆ ಹದಿನಾರರಿಂದ ಇಪ್ಪತ್ತೈದು ವರ್ಷದವರೆಗಿನ ಅವಧಿ ಎಂದೂ, ಅದಕ್ಕೆ ಮುಂಚಿನ ಮತ್ತು ನಂತರದ ನಡತೆಯನ್ನು ಪಕ್ಷವು ಪ್ರಶ್ನಿಸುವುದಿಲ್ಲವೆಂದೂ ಅಡಿಟಿಪ್ಪಣಿಯಲ್ಲಿ ಸ್ಪಷ್ಟಪಡಿಸಲಾಗಿತ್ತು. ಅಡಿಟಿಪ್ಪಣಿ ಓದಿದ ಹಿರಿಯ ಮುಖಂಡರೆಲ್ಲ ಸುತ್ತೋಲೆಯನ್ನು ಸ್ವಾಗತಿಸಿದರು.

ಇದಕ್ಕೆಲ್ಲ ಕಾರಣ ಒಂದು ಫೋಟೊ. ಆರಾಧನಾ ಎಂಬ ಇತಿಹಾಸ ಸಂಶೋಧಕಿ ಪೇಟೆಯ ಹಳೆಯ ಹಬ್ಬಗಳ ಬಗ್ಗೆ ಬರೆಯುತ್ತ, ೧೯೮೫ರ ಗಣೇಶನ ಮೆರವಣಿಗೆಯ ಚಿತ್ರವೊಂದನ್ನು ಫೇಸ್‌ಬುಕ್ಕಿಗೆ ಹಾಕಿದ್ದಳು. ಅದರಲ್ಲಿ ಹನ್ನೆರಡು ಜನ ಹುಡುಗರು ಮೈಗೆಲ್ಲ ಮಸಿ ಬಳಿದುಕೊಂಡು, ಸೊಂಟಕ್ಕೆ ಮಾವಿನ ಸೊಪ್ಪು ಕಟ್ಟಿಕೊಂಡು, ನಾಲಿಗೆ ಚಾಚಿ ನಿಂತಿದ್ದರು. ಬೀದಿಯ ಗೆಳೆಯರ ಬಳಗ ವರ್ಷಾ ವರ್ಷ ಆಡುತ್ತಿದ್ದ ಈ ಆಟಕ್ಕೆ ಕಾಪ್ರಿ ಕುಣಿತ ಎಂದು ಹೆಸರು. ಇದು ದಂಡಿನಲ್ಲಿದ್ದ ಒಬ್ಬ ಇಂಗ್ಲಿಷ್ ಬ್ಯಾಂಡ್‌ಮಾಸ್ಟರು ಆಫ್ರಿಕಾದ ಜನರನ್ನು ಅಣಕಿಸಲೆಂದು ತನ್ನ ಸಿಪಾಯಿಗಳಿಗೆ ಕಲಿಸಿದ್ದು, ಅಲ್ಲಿಂದ ಪೇಟೆಗೆ ಬಂದದ್ದು, ಕಾಪ್ರಿ ಎನ್ನುವುದೇ ಆ ಜನರಿಗೆ ಹಾಕುತ್ತಿದ್ದ ಬೈಗುಳ ಎಂದು ಆಕೆ ಆಧಾರ ಸಮೇತ ಬರೆದಿದ್ದಳು. ಬರೆದದ್ದೆಲ್ಲ ನಿಜವಾಗಿತ್ತು, ಒಂಬತ್ತು ಪುಟವೂ ಆಗಿತ್ತು. ಹಾಗಾಗಿ ಜನ ಫೋಟೊ ನೋಡಿ ಸಿಟ್ಟಾದರು.

ಮರಿಯಣ್ಣನಿಗೆ ಆ ಫೋಟೊ ಸಿಕ್ಕಿದ್ದು ಬೆಳಗಿನ ಕಾಫಿಯ ಜೊತೆ. ಅರವತ್ತು ವರ್ಷದ ಮರಿಯಣ್ಣ ಸೈಟು ವ್ಯವಹಾರದಲ್ಲಿ ಕೈಯಾಡಿಸಿದವನು, ನಾಲ್ಕು ಚುನಾವಣೆಗಳಿಂದ ಟಿಕೆಟ್ಟಿಗೆ ಕಾದವನು. ಪ್ರತಿ ಸಲವೂ ಟಿಕೆಟ್ ಇನ್ನೊಬ್ಬರಿಗೆ ಹೋಗಿ, ಇವನಿಗೆ ಪ್ರಚಾರ ಸಮಿತಿಯ ಉಪಾಧ್ಯಕ್ಷಗಿರಿ ಬರುತ್ತಿತ್ತು. ಈ ಸಲ ಟಿಕೆಟ್ ಅವನದೇ ಎಂದು ಪಕ್ಷದಲ್ಲಿ ಎಲ್ಲರೂ ಹೇಳಿದ್ದರು. ಅವನಿಗೂ ಇನ್ನೊಂದು ಸಲ ಕಾಯುವ ವಯಸ್ಸಿರಲಿಲ್ಲ.

"ಕುಮಾರಿ, ಇದ್ರಲ್ಲಿ ನಾನಿದೀನಾ ನೋಡು," ಎಂದು ಮೊಬೈಲನ್ನು ಹೆಂಡತಿ ಶಿವಕುಮಾರಿಯ ಮುಂದೆ ಹಿಡಿದ.

"ಎಡಗಡೆಯಿಂದ ನಾಲ್ಕನೇದು," ಎಂದಳು ಅವಳು, ಹುರುಳಿಕಾಯಿ ಸೋಸುವುದನ್ನು ನಿಲ್ಲಿಸದೆ.

"ಎಲ್ರೂ ಒಂದೇ ಥರ ಇದಾರಲ್ಲೇ. ಹೆಂಗೆ ಹೇಳ್ತೀಯ?"

"ಕಾಡುಮನುಷ್ಯ ವಾಚು ಕಟ್ಕೊಂಡಿದಾನೆ ನೋಡಿ. ನಿಮ್ಮಪ್ಪ ಪಿಯುಸಿ ಪಾಸಾಗಿದ್ದಕ್ಕೆ ಕೊಡ್ಸಿದ್ದು."

ಶಿವಕುಮಾರಿ ಅದೇ ಬೀದಿಯಲ್ಲಿ ಬೆಳೆದವಳು. ಅವಳು ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಮರಿಯಣ್ಣ ವಕೀಲರಿಗೆ ಫೋನು ಹಚ್ಚಿಯಾಗಿತ್ತು.

ಯೌವನ ಪರಿಶೀಲನಾ ಸಮಿತಿಯ ಸಂಚಾಲಕರಾಗಿ ಬಸವನಗುಡಿಯ ಶ್ರೀಹರಿಯವರು ನೇಮಕಗೊಂಡರು. ಅಧೀನ ಕಾರ್ಯದರ್ಶಿಯಾಗಿ ನಿವೃತ್ತರಾಗಿದ್ದ ಅವರು ಮನೆಯಲ್ಲಿ ಮೊಮ್ಮಕ್ಕಳಿಗೂ "ತಕ್ಕದ್ದು" ಎಂದೇ ಮಾತಾಡುವವರು. ಪಕ್ಷದ ಕಚೇರಿ ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿತ್ತು. ಕೆಳಗೆ ಅಡುಗೆಮನೆ ಇದ್ದುದರಿಂದ ಕಡತಗಳಿಗೆಲ್ಲ ಹುಳಿಯ ಒಗ್ಗರಣೆಯ ವಾಸನೆ ಇರುತ್ತಿತ್ತು.

"ಸದರಿ ಕುಣಿತದಲ್ಲಿ ತಾವು ಭಾಗವಹಿಸಿದ್ದಿರೋ, ಇಲ್ಲವೋ?" ಎಂದು ಶ್ರೀಹರಿಯವರು ಕೇಳಿದರು.

ಮರಿಯಣ್ಣ ರಾತ್ರಿಯಿಡೀ ತಯಾರಿ ಮಾಡಿಕೊಂಡಿದ್ದ. "ಸಾರ್, ಅದು ಕಾಪ್ರಿ ಅಲ್ವೇ ಅಲ್ಲ. ಕೊಬ್ರಿ ಕುಣಿತ. ಮಸಿಗೆ ಕೊಬ್ರಿ ಎಣ್ಣೆ ಕಲಸ್ತಿದ್ವಲ್ಲ, ಅದಕ್ಕೆ. ಬಾಯಿಂದ ಬಾಯಿಗೆ ಬಂದು ಕೊಬ್ರಿ ಹೋಗಿ ಕಾಪ್ರಿ ಆಗಿದೆ."

"ಎಳ್ಳೆಣ್ಣೆ ಕಲಸಿದ ವರ್ಷಗಳಲ್ಲಿ?"

"ಎಳ್ಳೆಣ್ಣೆ ಕಲಸಿದ್ರೆ ಎಳ್ಳು ಕುಣಿತ ಅಂತಿದ್ವಿ ಸಾರ್."

ಶ್ರೀಹರಿಯವರು ಎರಡನ್ನೂ ಬರೆದುಕೊಂಡರು. ಪದದ ಮೂಲವನ್ನು ಎನ್.ಆರ್. ಕಾಲೋನಿಯ ನಿವೃತ್ತ ಕನ್ನಡ ಪಂಡಿತ ಶೀನಣ್ಣನವರ ಅಭಿಪ್ರಾಯಕ್ಕೆ ಕಳುಹಿಸತಕ್ಕದ್ದು ಎಂದು ಷರಾ ಹಾಕಿದರು. ಮರಿಯಣ್ಣ ಮೆಟ್ಟಿಲಿಳಿಯುವಾಗ ಟಿಕೆಟ್ ಜೇಬಿಗೆ ಬಿದ್ದ ಹಾಗೇ ಅನಿಸಿತು.

ಆದರೆ ಗುರುವಾರ ಎಲ್ಲವೂ ತಲೆಕೆಳಗಾಯಿತು. ಟಿಕೆಟ್ಟಿನ ಇನ್ನೊಬ್ಬ ಆಕಾಂಕ್ಷಿ ಅನಿಲ್ ಕುಮಾರ್, ಮೆಜೆಸ್ಟಿಕ್ಕಿನ ಲಾಡ್ಜೊಂದರ ಸಭಾಂಗಣದಲ್ಲಿ ಪತ್ರಕರ್ತರನ್ನು ಕರೆದು, "ಆ ಹನ್ನೆರಡು ಜನದಲ್ಲಿ ನಾನೂ ಒಬ್ಬ," ಎಂದು ಅತ್ತುಬಿಟ್ಟ. ಗೋಡೆಗೆ ಒರಗಿಸಿದ್ದ ಆಫ್ರಿಕಾದ ಭೂಪಟಕ್ಕೆ ಅಡ್ಡಬಿದ್ದ. ಸಂಜೆಯ ಹೊತ್ತಿಗೆ ಟೀವಿಯಲ್ಲೆಲ್ಲ ಅವನೇ. ಮರುದಿನ ವಾರ್ಡಿನ ತುಂಬ "ತಪ್ಪೊಪ್ಪಿದ ಧೀರ" ಎಂಬ ಫ್ಲೆಕ್ಸುಗಳು ಎದ್ದವು. ಫೋಟೊ ತೆಗೆದಾಗ ಅನಿಲ್ ಕುಮಾರನಿಗೆ ನಾಲ್ಕು ವರ್ಷ. ಈ ಅಂಶ ಸಮಿತಿಯ ಗಮನಕ್ಕೂ ಬಂದು, ಸರ್ವಾನುಮತದಿಂದ ಅವನಿಗೆ ಹನ್ನೆರಡು ವರ್ಷಗಳ ವಯೋಮಿತಿ ಸಡಿಲಿಕೆ ನೀಡಲಾಯಿತು.

ತಪ್ಪು ಮಾಡದವನು ಕ್ಷಮೆ ಕೇಳಲಾರ, ಕ್ಷಮೆ ಕೇಳದವನು ಟೀವಿಯಲ್ಲಿ ಬರಲಾರ, ಟೀವಿಯಲ್ಲಿ ಬಾರದವನಿಗೆ ಟಿಕೆಟ್ ಕೊಟ್ಟು ಏನು ಫಲ ಎಂದು ಪಕ್ಷ ಯೋಚಿಸಿತು. ನಿರಾಕ್ಷೇಪಣಾ ಪತ್ರವನ್ನು ರದ್ದುಪಡಿಸಿ, ಅದರ ಬದಲು ಯೌವನ ದೋಷ ದೃಢೀಕರಣ ಪತ್ರವನ್ನು ಕಡ್ಡಾಯಗೊಳಿಸಿತು. ಎರಡೇ ದಿನದಲ್ಲಿ ಆ ಹನ್ನೆರಡು ಮುಖಗಳಿಗೆ ನಲವತ್ತಮೂರು ಅರ್ಜಿಗಳು ಬಂದವು. ಮಲ್ಲೇಶ್ವರದ ಒಬ್ಬರು, ತಾವು ಬಲಗಡೆಯ ತುದಿಯಲ್ಲಿ ಕುಣಿಯುತ್ತಿದ್ದುದಾಗಿಯೂ ಕ್ಯಾಮೆರಾದವನು ಸರಿಯಾಗಿ ಹಿಡಿಯದೆ ತಮಗೆ ಅನ್ಯಾಯ ಮಾಡಿದ್ದಾನೆಂದೂ ಬರೆದುಕೊಂಡಿದ್ದರು.

ಮರಿಯಣ್ಣ ಏದುಸಿರು ಬಿಡುತ್ತ ಮತ್ತೆ ಮಹಡಿ ಹತ್ತಿದ. "ಸಾರ್, ಅದು ಕೊಬ್ರಿ ಅಲ್ಲ, ಕಾಪ್ರೀನೇ. ನಾನು ಬೇಕಂತ್ಲೇ ಕುಣಿದಿದ್ದು. ನಾಲಿಗೇನೂ ಚಾಚಿದೀನಿ, ಫೋಟೋದಲ್ಲೇ ಇದೆ."

"ಕೊಬ್ಬರಿ ಹೇಳಿಕೆ ಕಡತದಲ್ಲಿದೆ, ಮರಿಯಣ್ಣನವರೇ. ಕಡತ ಪಂಡಿತರ ಬಳಿ ಇದೆ. ತಾವು ತಪ್ಪಿತಸ್ಥರೆಂಬುದನ್ನು ತಾವೇ ರುಜುವಾತುಪಡಿಸತಕ್ಕದ್ದು."

ಮರಿಯಣ್ಣನಿಗೆ ಜೀವ ಬಾಯಿಗೆ ಬಂತು. ಅಷ್ಟೂ ಜನರಲ್ಲಿ ನಿಜವಾಗಿ ಕುಣಿದವನು ಅವನೊಬ್ಬನೇ. ಬಳಗದ ಉಳಿದವರಲ್ಲಿ ಕೆಲವರು ತೀರಿಕೊಂಡಿದ್ದರು, ಇನ್ನು ಕೆಲವರು ಊರು ಬಿಟ್ಟಿದ್ದರು, ಯಾರಿಗೂ ಟಿಕೆಟ್ ಬೇಕಿರಲಿಲ್ಲ.

ಶನಿವಾರ ಕಚೇರಿಯ ಬಾಗಿಲಿಗೆ ಪ್ರಕಟಣೆ ಅಂಟಿಸಲಾಯಿತು. "ಅರ್ಜಿದಾರರ ಗುರುತು ಪತ್ತೆಗಾಗಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಸಿ ಪರೀಕ್ಷೆ ನಡೆಯುವುದು. ಅರ್ಜಿದಾರರು ಮೂಲ ಛಾಯಾಚಿತ್ರದಲ್ಲಿರುವಷ್ಟೇ ಮಸಿಯನ್ನು, ಅಷ್ಟೇ ಸೊಪ್ಪನ್ನು ಧರಿಸತಕ್ಕದ್ದು. ಸೊಪ್ಪನ್ನು ಅರ್ಜಿದಾರರೇ ತರತಕ್ಕದ್ದು. ಕ್ಷಮೆಯನ್ನು ಸೋಮವಾರದ ಸಾರ್ವಜನಿಕ ಸಮಾರಂಭದಲ್ಲಿ, ಆಫ್ರಿಕಾ ಖಂಡವನ್ನು ಉದ್ದೇಶಿಸಿ ಮಾತ್ರ ಕೇಳತಕ್ಕದ್ದು. ಒಂದು ಅರ್ಜಿಗೆ ಒಂದೇ ಕ್ಷಮೆ."

ಮಸಿಗೆ ತೊಂದರೆಯಾಯಿತು. ಹಿಂದೆಲ್ಲ ಮನೆ ಮನೆಯ ಬಚ್ಚಲಲ್ಲಿ ನೀರು ಕಾಯಿಸುವ ಹಂಡೆ ಇತ್ತು, ಹಂಡೆಯ ಬುಡದಲ್ಲಿ ಬೇಕಾದಷ್ಟು ಮಸಿ ಇತ್ತು. ಈಗ ಗೀಸರು. ಕೊನೆಗೆ ಮಂಟಪದ ಅಡುಗೆಯವರು ತಮ್ಮ ಕೊಪ್ಪರಿಗೆಗಳ ಬುಡ ಕೆರೆದು ಎರಡು ಬಕೆಟ್ ಕೊಟ್ಟು ಪಕ್ಷದ ಮಾನ ಉಳಿಸಿದರು.

ಭಾನುವಾರ ನಲವತ್ತಮೂರು ಜನ ಮಸಿ ಬಳಿದುಕೊಂಡು ಮಂಟಪದ ಮುಂದೆ ಸಾಲಾಗಿ ನಿಂತರು. ಶ್ರೀಹರಿಯವರು ಭೂತಗನ್ನಡಿ ಹಿಡಿದು ಒಬ್ಬೊಬ್ಬರನ್ನೂ ಫೋಟೊಗೆ ಹೋಲಿಸಿದರು. ಮಸಿಯಲ್ಲಿ ಎಲ್ಲರೂ ಒಂದೇ ಆಗಿದ್ದರು. ನಿಂತಲ್ಲೇ ನಿಂತರೆ ಗುರುತು ಸಿಗುವುದಿಲ್ಲ, ಕುಣಿಯತಕ್ಕದ್ದು ಎಂದು ಅಪ್ಪಣೆಯಾಯಿತು. ಒಳಗೆ ಮದುವೆಗೆ ಬಂದಿದ್ದ ಬ್ಯಾಂಡಿನವರು ಕರೆಯುವ ಮೊದಲೇ ಬಂದರು. ಅರ್ಧ ಗಂಟೆಯಲ್ಲಿ ಬೀದಿಯ ತುಂಬ ಜನ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು.

ಆರಾಧನಾ ಆಟೋದಿಂದ ಇಳಿದವಳು ಹಾಗೇ ನಿಂತುಬಿಟ್ಟಳು. "ಸಾರ್, ಏನ್ ಮಾಡ್ತಿದೀರ ನೀವು? ನಾನು ಬರ್ದಿದ್ದು ಇದನ್ನೇ ಅಲ್ವಾ?"

"ಅದು ಅಪಮಾನವಾಗಿತ್ತು, ಮಗೂ. ಇದು ಪರಿಶೀಲನೆ," ಎಂದು ಶ್ರೀಹರಿಯವರು ಸಮಾಧಾನದಿಂದ ತಿಳಿಸಿ, ಅವಳಿಗೆ ವಿಷಯತಜ್ಞೆ ಎಂಬ ಬ್ಯಾಡ್ಜ್ ಕೊಡಿಸಿದರು. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡು ಮಂಟಪದ ಕಟ್ಟೆಯ ಮೇಲೆ ಕುಳಿತಳು.

ಹನ್ನೊಂದೂವರೆಗೆ ಶಿವಕುಮಾರಿ ಬಂದಳು. ಮರಿಯಣ್ಣ ಫೋನು ಮಾಡಿ ಬೀರುವಿನಲ್ಲಿದ್ದ ಹಳೆಯ ವಾಚು ತರಲು ಹೇಳಿದ್ದ. ಬಾಗಿಲಲ್ಲಿದ್ದ ಕಾರ್ಯಕರ್ತ ಅವಳನ್ನು ನೋಡಿ, "ಮೇಡಂ, ನಿಮ್ದು ಮಸಿ ಆಯ್ತಲ್ಲ, ನಲವತ್ನಾಲ್ಕನೇ ನಂಬರ್ ತಗೊಂಡು ಲೈನಲ್ಲಿ ನಿಂತ್ಕೊಳಿ," ಎಂದ.

"ನಂದು ಹುಟ್ಟಿದಾಗ್ಲೇ ಆಗಿದೆ ಕಣಪ್ಪ," ಎಂದು ಹೇಳಿ ಅವಳು ಒಳಗೆ ನಡೆದಳು. ಕಾರ್ಯಕರ್ತ ತಲೆ ತಗ್ಗಿಸಿ ಪಟ್ಟಿಯಲ್ಲಿ ಆ ನಂಬರನ್ನು ಹೊಡೆದುಹಾಕಿದ.

ಅಷ್ಟರಲ್ಲಿ ಶ್ರೀಹರಿಯವರು ಮಹಡಿಯ ಕಚೇರಿಗೆ ಹೋಗಿ ಅರ್ಜಿದಾರರನ್ನು ಒಬ್ಬೊಬ್ಬರಾಗಿ ಕರೆಸುತ್ತಿದ್ದರು. ವಾಚಿನಿಂದ ಪ್ರಯೋಜನವಾಗಲಿಲ್ಲ. ಇನ್ನೂ ಹತ್ತೊಂಬತ್ತು ಜನ ಗುಜರಿ ಸಂತೆಯಿಂದ ಅಂಥದೇ ವಾಚು ತಂದು ಕಟ್ಟಿಕೊಂಡಿದ್ದರು. ವಾಚು ಸಾಲದು, ಕಣ್ಣಾರೆ ಕಂಡ ಸಾಕ್ಷಿ ಬೇಕು ಎಂದರು ಶ್ರೀಹರಿಯವರು. ಮರಿಯಣ್ಣ ಸೊಪ್ಪು ಹಿಡಿದುಕೊಂಡು ಹೆಂಡತಿಯ ಮುಖ ನೋಡಿದ. "ಕುಮಾರಿ, ನೀನ್ ನೋಡಿದೀಯಲ್ಲ, ಹೇಳೇ. ಇಪ್ಪತ್ತು ವರ್ಷದಿಂದ ಕಾಯ್ತಿದೀನಿ."

ಶಿವಕುಮಾರಿ ಕುರ್ಚಿ ಎಳೆದುಕೊಂಡು ಕುಳಿತಳು.

"ಅವತ್ತು ನಮ್ಮಮ್ಮನ ಜೊತೆ ಜಗುಲಿ ಮೇಲೆ ನಿಂತಿದ್ದೆ. ಹದಿನಾರು ವರ್ಷ ನಂಗೆ. ಹೊಸ ಲಂಗ ದಾವಣಿ ಹಾಕ್ಕೊಂಡಿದ್ದೆ. ಇವ್ರು ಕುಣೀತಾ ಬಂದು ನನ್ನ ಮುಂದೇನೇ ನಿಂತ್ರು. ಮಸಿ ಡಬ್ಬ ತೋರ್ಸಿ, 'ನಿಂಗೆ ಇದು ಬೇಕಾಗಿಲ್ಲ, ಹಂಗೇ ಬಾ' ಅಂದ್ರು. ಇಡೀ ಬೀದಿ ನಕ್ತು. ನಮ್ಮಮ್ಮನೂ ನಕ್ರು." ಸೆರಗು ಸರಿಮಾಡಿಕೊಂಡು ಮುಂದುವರಿಸಿದಳು. "ಆಮೇಲೆ ಮದುವೆ ಆಗೋವರ್ಗೂ ನಾನು ಗಣೇಶನ್ನ ನೋಡಕ್ಕೆ ಬೀದಿಗೆ ಬರ್ಲಿಲ್ಲ."

ಹೊರಗೆ ಬ್ಯಾಂಡು ಬಾರಿಸುತ್ತಲೇ ಇತ್ತು. ಶ್ರೀಹರಿಯವರು ಕೊನೆಯ ಪದದವರೆಗೂ ಬರೆದುಕೊಂಡು, ಎದ್ದು, ಮರಿಯಣ್ಣನ ಮಸಿಗೈಯನ್ನು ಕುಲುಕಿದರು. "ಅಭಿನಂದನೆಗಳು. ಇಷ್ಟು ಸ್ಪಷ್ಟವಾದ ದೋಷ ಇನ್ನಾವ ಅರ್ಜಿಯಲ್ಲೂ ಕಂಡುಬಂದಿಲ್ಲ."

"ಮತ್ತೆ ನನ್ನ ವಿಷ್ಯ?" ಎಂದಳು ಶಿವಕುಮಾರಿ.

"ಅದಕ್ಕೆ ನಮೂನೆ ಇಲ್ಲ, ತಾಯಿ. ಸಮಿತಿಯ ವ್ಯಾಪ್ತಿ ಆಫ್ರಿಕಾ ಖಂಡಕ್ಕೆ ಸೀಮಿತವಾಗಿದೆ. ಚಾಮರಾಜಪೇಟೆ ಅದರೊಳಗೆ ಬರುವುದಿಲ್ಲ."

ಆ ಡಬ್ಬ ಮರಿಯಣ್ಣನಿಗೆ ನೆನಪಿತ್ತು, ಬ್ಯಾಂಡು ನೆನಪಿತ್ತು, ಜನ ನಕ್ಕದ್ದೂ ನೆನಪಿತ್ತು. ಜಗುಲಿಯ ಮೇಲಿದ್ದ ಹುಡುಗಿ ಮಾತ್ರ ನೆನಪಿರಲಿಲ್ಲ. ನಾಲ್ಕು ವರ್ಷದ ನಂತರ ಅದೇ ಹುಡುಗಿಯನ್ನು ತಾನಾಗಿಯೇ ಕೇಳಿಕೊಂಡು ಹೋಗಿ ಮದುವೆಯಾಗಿದ್ದ. ಅವಳು ಒಂದು ದಿನವೂ ಈ ಮಾತು ಎತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ಅವನ ತುಟಿ ಅಲ್ಲಾಡಿದ್ದನ್ನು ನೋಡಿ ಶ್ರೀಹರಿಯವರು ಗಾಬರಿಯಾದರು. "ಮರಿಯಣ್ಣನವರೇ, ದುಡುಕಬೇಡಿ. ನಾಳೆ ಸಮಾರಂಭವಿದೆ. ಒಂದು ಅರ್ಜಿಗೆ ಒಂದೇ ಕ್ಷಮೆ. ಇಲ್ಲಿ ಖರ್ಚು ಮಾಡಿದರೆ ಅಲ್ಲಿಗೆ ಉಳಿಯುವುದಿಲ್ಲ."

ಮರಿಯಣ್ಣ ಒಂದು ಸಲ ಮೇಜಿನ ಮೇಲಿದ್ದ ಮೊಹರನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ.

"ಕುಮಾರಿ, ತಪ್ಪಾಯ್ತು. ನಂಗೆ ನೆನಪೇ ಇರ್ಲಿಲ್ಲ ಕಣೇ. ಅದು ಇನ್ನೂ ದೊಡ್ಡ ತಪ್ಪು."

ಶಿವಕುಮಾರಿ ಕುರ್ಚಿಯಿಂದ ಎದ್ದಳು. "ಹೇಳಿದ್ರಲ್ಲ, ಸಾಕು ಬಿಡಿ," ಎಂದವಳು ಸೆರಗಿನ ತುದಿಯಿಂದ ಅವನ ಹಣೆ ಒರೆಸಹೋದಳು. ಸೆರಗು ಕಪ್ಪಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ.

ಮಂಗಳವಾರ ಅಂಚೆಯಲ್ಲಿ ಆದೇಶ ಬಂತು. ಅರ್ಜಿದಾರರು ತಮ್ಮ ಪಾಲಿನ ಕ್ಷಮೆಯನ್ನು ಅನಧಿಕೃತ ವ್ಯಕ್ತಿಯೊಬ್ಬರಿಗೆ ಈಗಾಗಲೇ ವಿತರಿಸಿರುವುದರಿಂದಲೂ, ಕ್ಷಮೆಯಿಲ್ಲದ ದೋಷವು ಪಕ್ಷದ ಉಪಯೋಗಕ್ಕೆ ಬಾರದಿರುವುದರಿಂದಲೂ, ಕಾಪ್ರಿ ಎಂಬುದು ಕೊಬ್ಬರಿಯ ತದ್ಭವವೆಂದು ಪಂಡಿತರು ಅಭಿಪ್ರಾಯಪಟ್ಟಿರುವುದರಿಂದಲೂ, ಶ್ರೀ ಮರಿಯಣ್ಣನವರು ಯೌವನದಲ್ಲಿ ಯಾವ ತಪ್ಪನ್ನೂ ಮಾಡಿರುವುದಿಲ್ಲವೆಂದು ಈ ಮೂಲಕ ಘೋಷಿಸಲಾಗಿದೆ. ಆದುದರಿಂದ ಅವರು ಸಾರ್ವಜನಿಕ ಜೀವನಕ್ಕೆ ಅನರ್ಹರು. ಶಿವಕುಮಾರಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. "ಮೊಹರು ಬೇರೆ ಇದೆ. ಇನ್ಮೇಲೆ ನಾನೇನೂ ಅನ್ನೋ ಹಂಗಿಲ್ಲ ಬಿಡಿ," ಎಂದು ಫ್ರೇಮು ಹಾಕಿಸಲು ಕೊಟ್ಟಳು.

ಟಿಕೆಟ್ ಅನಿಲ್ ಕುಮಾರನಿಗಾಯಿತು. ಭಾನುವಾರದ ಕುಣಿತಕ್ಕೆ ಅಷ್ಟೊಂದು ಜನ ಸೇರಿದ್ದರಿಂದ ಮಸಿ ಪರೀಕ್ಷೆಯನ್ನು ಇನ್ನು ಮುಂದೆ ಪ್ರತಿ ವರ್ಷವೂ ನಡೆಸುವುದೆಂದು ತೀರ್ಮಾನವಾಯಿತು. ಮರಿಯಣ್ಣ ಎಂದಿನಂತೆ ಪ್ರಚಾರ ಸಮಿತಿಯ ಉಪಾಧ್ಯಕ್ಷನಾಗಿ ಕರಪತ್ರ ಹಿಡಿದು ಮನೆ ಮನೆ ಸುತ್ತಿದ. ಮೂರನೇ ಕ್ರಾಸಿನಲ್ಲಿ ಎಂಬತ್ತು ದಾಟಿದ ಕಲ್ಯಾಣಮ್ಮ ಬಾಗಿಲು ತೆಗೆದು, ಕರಪತ್ರದಲ್ಲಿದ್ದ ಅನಿಲ್ ಕುಮಾರನ ಮುಖವನ್ನೂ ಮರಿಯಣ್ಣನ ಮುಖವನ್ನೂ ಒಂದೊಂದು ಸಲ ನೋಡಿದರು.

"ಅಲ್ಲಪ್ಪ ಮರಿಯಣ್ಣ, ಈ ಸಲ ನೀನೇ ನಿಲ್ತೀಯ ಅಂತಿದ್ರು?"

"ಏನ್ ಮಾಡ್ಲಿ ಅಮ್ಮ. ನಾನೇನೂ ತಪ್ಪು ಮಾಡಿಲ್ಲ ಅಂತ ಆಗೋಯ್ತು."

ಕಲ್ಯಾಣಮ್ಮನಿಗೆ ಅರ್ಥವಾಯಿತು. ಕರಪತ್ರವನ್ನು ಮಡಿಸಿ ಕೈಯಲ್ಲಿಟ್ಟುಕೊಂಡು ಮರುಕದಿಂದ ಹೇಳಿದರು, "ಪಾಪ, ಹೋಗ್ಲಿ ಬಿಡು. ಮುಂದಿನ ಸಲಕ್ಕೆ ಏನಾದ್ರೂ ಮಾಡು."