ಅಲ್ಲಿ ಬಿದ್ರೆ ಏನ್ ಫಲ?

ನಮ್ಮ ಮನೆಯಲ್ಲಿ ಯಾರು ಏನು ಕೇಳಿದರೂ ಫೋನು ಬೇರೇನೋ ಹೇಳುತ್ತದೆ. ಅದರಲ್ಲೂ ಚಿಕ್ಕಜಾಲದ ಕಡೆಯ ನಮ್ಮತ್ತೆಯ ಬಾಯಲ್ಲಿ ‘ಹ’ ಹೊರಡುವುದಿಲ್ಲ. ಹಾಗಂತ ಬಾಯಿ ಸುಮ್ಮನಿರುವುದೂ ಇಲ್ಲ. ಫೋನಿನಲ್ಲಿ ಮಾತಾಡಿ ಹುಡುಕುವುದನ್ನು ಕಲಿಸಿದವಳು ನಾನೇ, ಅನುಭವಿಸುತ್ತಿರುವವಳೂ ನಾನೇ.

೧. ಹಾಲು

ಊರಿಂದ ಒಂದು ಕ್ಯಾನ್ ಹಾಲು ಬಂತು. ನಾನು ಆಫೀಸಿನಲ್ಲಿದ್ದೆ. ಅತ್ತೆ ಫೋನನ್ನೇ ಕೇಳಿದರು: “ಆಲು ಕೆಡ್ದಂಗೆ ಎಲ್ಲಿ ಇಕ್ಕೋದು?”

“ಕತ್ತಲೆಯ ಜಾಗದಲ್ಲಿಡಿ. ಫ್ರಿಜ್‌ನಲ್ಲಿಡಬೇಡಿ” ಅಂತು ಫೋನು.

ಸಂಜೆ ಬಂದು ನೋಡಿದರೆ ಕ್ಯಾನು ಮಂಚದ ಕೆಳಗೆ. ಫೋನಿಗೆ ಕೇಳಿಸಿದ್ದು ಆಲೂಗಡ್ಡೆ. ಎರಡು ದಿನ ಪನೀರ್ ತಿಂದೆವು. ನಿಜವಾದ ಆಲೂಗಡ್ಡೆ ಮಾತ್ರ ಫ್ರಿಜ್‌ನಲ್ಲಿ ತಣ್ಣಗಿತ್ತು.

೨. ಕಟಿಂಗ್

ಬುಧವಾರ ಅತ್ತೆಯ ತಮ್ಮನ ಮಗಳ ನಿಶ್ಚಿತಾರ್ಥ. ಹಿಂದಿನ ದಿನ ನಮ್ಮವರು ಫೋನಿನಲ್ಲಿ ‘ಈಗ ತೆರೆದಿದೆ’ ಅಂತಿದ್ದ ಕಟಿಂಗ್ ಶಾಪ್ ಹುಡುಕಿಕೊಂಡು ಮತ್ತಿಕೆರೆವರೆಗೂ ಹೋದರು. ಶಟರ್ ನೋಡಿಕೊಂಡು ಬಂದರು.

“ಮಂಗ್ಳಾರ ಯಾರ್ಲಾ ಕಟಿಂಗ್ ಅಂಗ್ಡಿ ತೆಗೀತಾರೆ? ನನ್ ಕೇಳಿದ್ರೆ ಏಳ್ತಿರ್ಲಿಲ್ವಾ?” ಅಂದರು ಅತ್ತೆ.

“ನೀನು ಆನ್‌ಲೈನಲ್ಲಿ ಇರ್ಲಿಲ್ವಲ್ಲಮ್ಮ” ಅಂದರು ಇವರು.

೩. ಹಲ್ಲಿ

ಬುಧವಾರ ಬೆಳಿಗ್ಗೆ ಎಲ್ಲರೂ ರೆಡಿ, ಬಾಗಿಲಲ್ಲಿ ಕಾರು. ರಾಹುಕಾಲ ಶುರುವಾಗುವ ಮೊದಲು ಊರಲ್ಲಿ ತಟ್ಟೆ ಬದಲಾಯಿಸಬೇಕು. ಸೋದರತ್ತೆ ಇಲ್ಲದೆ ಶಾಸ್ತ್ರ ಶುರುವಾಗುವಂತಿಲ್ಲ. ಅಷ್ಟರಲ್ಲಿ ಅತ್ತೆಯ ಎಡಭುಜದ ಮೇಲೆ ಪಟಕ್ಕನೆ ಹಲ್ಲಿ ಬಿತ್ತು.

“ಫಲ ಗೊತ್ತಾಗೋಗಂಟ ಒಸ್ಲು ದಾಟಾಕಿಲ್ಲ” ಅಂತ ಅತ್ತೆ ಕೂತೇಬಿಟ್ಟರು. ಫೋನು ಹಿಡಿದು, “ಎಡ ಭುಜದ್ ಮ್ಯಾಲೆ ಅಲ್ಲಿ ಬಿದ್ರೆ ಏನಾಯ್ತದೆ?”

“ಬಿದ್ದು ಭುಜಕ್ಕೆ ಪೆಟ್ಟಾಗಿದ್ದರೆ ಅಲುಗಾಡಬೇಡಿ” ಅಂತು ಫೋನು.

“ನೋಡ್ದಾ? ಅಲುಗಾಡ್ಬ್ಯಾಡ ಅಂತದೆ!”

ಕಾರಿನಲ್ಲಿ ಇವರ ಹಾರ್ನು. ಊರಿಂದ ಫೋನಿನ ಮೇಲೆ ಫೋನು. ನನಗೆ ಅಳು ಬರುವುದೊಂದು ಬಾಕಿ. ಫೋನು ಕಿತ್ತುಕೊಂಡು ಇಂಗ್ಲಿಷ್ ಅಕ್ಷರಗಳಲ್ಲಿ ‘ಹಲ್ಲಿ’ ಅಂತ ಟೈಪ್ ಮಾಡಿದೆ. ಫೋನು ಅದನ್ನು ‘ಹಳ್ಳಿ’ ಮಾಡಿ, ಚಿಕ್ಕಜಾಲದ ಪಕ್ಕದ ಹಳ್ಳಿಯಲ್ಲಿ ಮಾರಾಟಕ್ಕಿರುವ ಸೈಟಿನ ಫೋಟೊ ತೋರಿಸಿತು.

ಅತ್ತೆ ಬಗ್ಗಿ ನೋಡಿದರು. ಮುಖ ಅರಳಿತು.

“ಭೂಮಿ ಲಾಭ! ಅದೂ ನಮ್ಮೂರ್ ತಾವ್ಲೇ! ನಡಿಯಮ್ಮ, ಒತ್ತಾಯ್ತು!”

ನಾನು ತಿದ್ದಲು ಹೋಗಲಿಲ್ಲ. ಅತ್ತೆ ಬಲಗಾಲಿಟ್ಟು ಹೊಸ್ತಿಲು ದಾಟಿ ಕಾರು ಹತ್ತಿದರು. ಹೆಬ್ಬಾಳದ ಟ್ರಾಫಿಕ್ ದಾಟಿ ರಾಹುಕಾಲಕ್ಕೆ ಮುಂಚೆಯೇ ಊರು ಮುಟ್ಟಿದೆವು. ದಾರಿಯುದ್ದಕ್ಕೂ ಅತ್ತೆ ಫೋನು ಬಿಡಲಿಲ್ಲ.

“ಬಲ ಭುಜದ್ ಮ್ಯಾಲೂ ಬಿದ್ರೆ ಮನೆ ಕಟ್ಟಿಸ್ಕೊಡ್ತದಾ?”